ಅಪ್‌ಡೇಟ್: ಹೀಟರ್ ಇಳಿಸಿದರೆ ರಿಯಾಕ್ಟರ್ ಒಳಗೆ ಬಿಸಿ ಏರುವುದೇಕೆ?

ಹೀಟರ್ ತಗ್ಗಿಸಿ ಒಳಬರುವ ಗ್ಯಾಸಿನ ಬಿಸಿ ಇಳಿಸಿದ ಕೂಡಲೇ, ಕಾರ್ಬನ್ ಡೈಆಕ್ಸೈಡ್ ಮತ್ತು ಹೈಡ್ರೋಜನ್ ಸೇರಿಸಿ ಮೀಥೇನ್ ಮಾಡುವ ನಮ್ಮ ರಿಯಾಕ್ಟರಿನ ನಡುವಿನ ಥರ್ಮೋಕಪಲ್ (ಬಿಸಿ ಅಳೆಯುವ ಸೆನ್ಸರ್) ರೀಡಿಂಗ್ ಜಿಗಿಯುತ್ತದೆ, ಯಾಕೆ ಅಂತ ಕೇಳಿದ್ದೆ. ಥರ್ಮೋಕಪಲ್ಲೇ ಕೆಟ್ಟಿದೆ ಅಂದವರೂ ಇದ್ದರು! ಅದು ಚೆನ್ನಾಗಿಯೇ ಇದೆ.

ಗ್ಯಾಸ್ ತಣ್ಣಗಾದಾಗ ಬೆಡ್ಡಿನ (ರಿಯಾಕ್ಟರ್ ಒಳಗೆ ತುಂಬಿದ ಕ್ಯಾಟಲಿಸ್ಟ್, ಅಂದ್ರೆ ರಿಯಾಕ್ಷನ್ ವೇಗ ಹೆಚ್ಚಿಸುವ ವಸ್ತುವಿನ ಪದರ) ಶುರುವಿನಲ್ಲಿ ರಿಯಾಕ್ಷನ್ ನಿಧಾನವಾಗುತ್ತದೆ. ಮಿಕ್ಕ ಕಾರ್ಬನ್ ಡೈಆಕ್ಸೈಡ್, ಹೈಡ್ರೋಜನ್ ಹಾಗೇ ಮುಂದೆ ಸಾಗಿ, ಮುಂದಿನ ಭಾಗದಲ್ಲಿ ಇನ್ನೂ ಬಿಸಿಯಾಗಿಯೇ ಇರುವ ನಿಕಲ್ ಕ್ಯಾಟಲಿಸ್ಟ್ ಮೇಲೆ ಒಟ್ಟಿಗೇ ಮೀಥೇನ್ ಆಗುತ್ತವೆ. ಒಂದು ಮೋಲ್ ಮೀಥೇನ್ ಆದಾಗ ಹೊರಬರುವ ಸುಮಾರು 165 ಕಿಲೋಜೂಲ್ ಶಾಖ ಅಂದ್ರೆ ಸುಮ್ನೆ ಅಲ್ಲ.

ಈಗ ಹೀಟರನ್ನು ನಿಧಾನವಾಗಿ ಇಳಿಸುತ್ತಿದ್ದೇವೆ, ಜಿಗಿತ ಬಹುತೇಕ ನಿಂತಿದೆ. ಶಾಖ ಒಂದೇ ಕಡೆ ಸೇರದಂತೆ ಕ್ಯಾಟಲಿಸ್ಟ್‌ಗೆ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಬೆರೆಸುವ ಸಲಹೆಯನ್ನು ಮುಂದಿನ ಸಲ ಕ್ಯಾಟಲಿಸ್ಟ್ ತುಂಬುವಾಗಕ್ಕೆ ಇಟ್ಟುಕೊಂಡಿದ್ದೇವೆ.

ಪ್ಲಾಂಟ್ ನಿಲ್ಲಿಸುವಾಗ ಮೊದಲು ಕಾರ್ಬನ್ ಡೈಆಕ್ಸೈಡ್ ಬಂದ್ ಮಾಡಿ, ಹೈಡ್ರೋಜನ್ ಆಮೇಲೆ, ಇಲ್ಲದಿದ್ದರೆ ಬಿಸಿ ನಿಕಲ್ ಆಕ್ಸೈಡ್ ಆಗಬಹುದು ಅಂದವರಿಗೆ ಜಾಸ್ತಿ ಥ್ಯಾಂಕ್ಸ್.