ಭೀಮಾ ದಂಡೆಯ ಹಾಳು ಜಿನ್ನಿಂಗ್ ಮಿಲ್ ಜಾಗದಲ್ಲಿ 120 ಮನೆ: ಅನುಮತಿಗೆ ಮೊದಲು ಯಾವ ಬಾಗಿಲು ತಟ್ಟಬೇಕು?

ಸಂಘದ ಕಾರ್ಯದರ್ಶಿ, ಯಾದಗಿರಿ
ನಗರದ ಅಂಚಿನಲ್ಲಿ, ಭೀಮಾ ನದಿಗೆ ಹತ್ತಿಕೊಂಡು 2 ಎಕರೆ 20 ಗುಂಟೆ. ಮುಚ್ಚಿದ ಜಿನ್ನಿಂಗ್ ಮಿಲ್. ಈಗ ಗೋದಾಮಿನ ಗೋಡೆ, ಸಿಮೆಂಟ್ ಶೀಟು, ಜಾಲಿ ಕಂಟಿ ಅಷ್ಟೇ. ಕೈಗಾರಿಕೆ ಉದ್ದೇಶಕ್ಕೆ ಎನ್‌ಎ (ಕೃಷಿಯೇತರ ಭೂಪರಿವರ್ತನೆ) ಆಗಿದೆ. ಹಮಾಲರು, ಕಟ್ಟಡ ಕಾರ್ಮಿಕರ ಕುಟುಂಬಗಳಿಗೆ 30 ಚದರ ಮೀಟರ್ ಕಾರ್ಪೆಟ್‌ನ (ಗೋಡೆಯೊಳಗಿನ ಬಳಕೆಯ ಜಾಗ) 120 ಮನೆ, ನೆಲಮಹಡಿ ಮೇಲೆ ಮೂರು ಅಂತಸ್ತು ಕಟ್ಟಬೇಕೆಂದಿದ್ದೇವೆ. ಭೂಬಳಕೆ ಬದಲಾವಣೆಗೆ ಮೊದಲು ಅರ್ಜಿ ಹಾಕಬೇಕಾ, ನಕ್ಷೆ ಮೊದಲು ಮಾಡಿಸಬೇಕಾ? ಫೈಲು ಎಲ್ಲಿ ಸಿಕ್ಕಿಬೀಳುತ್ತದೆ? ತಿಳಿದವರು ಇಲ್ಲಿ ಉತ್ತರಿಸಿ.

ನಕಾಶೆ
ಎರಡೂ ಅಲ್ಲ. ಮೊದಲು ಹದ್ದುಬಸ್ತು (ಗಡಿ ಗುರುತಿಸುವ) ಅಳತೆ. ಪಹಣಿಯ ವಿಸ್ತೀರ್ಣ ನಂಬಬೇಡಿ. ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ದಾಖಲೆ), ಟಿಪ್ಪಣಿ (ಮೂಲ ಅಳತೆಯ ನಕ್ಷೆ), ಗ್ರಾಮ ನಕ್ಷೆ ಮೂರನ್ನೂ ತೆಗೆಸಿ ತಾಳೆ ನೋಡಿ. ನದಿ ದಂಡೆಯ ಸರ್ವೆ ನಂಬರಿನಲ್ಲಿ ಸಾಮಾನ್ಯವಾಗಿ ಖರಾಬು (ಸಾಗುವಳಿಗೆ ಬಾರದ ಜಾಗ) ಇರುತ್ತದೆ. 'ಅ' ಖರಾಬಾದರೆ ಚಿಂತೆಯಿಲ್ಲ. 'ಬ' ಖರಾಬು (ಹಳ್ಳ, ದಾರಿ) ಸರ್ಕಾರದ್ದು. ಅದನ್ನು ಕಳೆದ ಮೇಲೆ ಉಳಿದದ್ದೇ ನಿಮ್ಮ ನಿವೇಶನ. ಇದನ್ನು ಬಿಟ್ಟು ನಕ್ಷೆ ಬರೆಸಿದರೆ ಎಫ್‌ಎಆರ್ (ನಿವೇಶನಕ್ಕೆ ತಕ್ಕಂತೆ ಕಟ್ಟಬಹುದಾದ ವಿಸ್ತೀರ್ಣದ ಅನುಪಾತ) ಲೆಕ್ಕವೇ ತಪ್ಪುತ್ತದೆ, ಒಂದು ಬ್ಲಾಕ್ ಪೂರ್ತಿ ಅಳಿಸಬೇಕಾಗುತ್ತದೆ.

ಆಮೇಲೆ ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ವಲಯ ದೃಢೀಕರಣ ಪತ್ರ ಪಡೆಯಿರಿ. ಅದರಲ್ಲಿ ಜಾಗ ಕೈಗಾರಿಕೆ ವಲಯ ಎಂದಿದ್ದರೆ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ ಕಲಂ 14-ಎ ಕೆಳಗೆ ಬದಲಾವಣೆ ಬೇಕು: ಪತ್ರಿಕಾ ಪ್ರಕಟಣೆ, ಆಕ್ಷೇಪಣೆ, ಸರ್ಕಾರದ ಅನುಮೋದನೆ. ವಸತಿ ವಲಯವೇ ಆಗಿದ್ದರೆ ಈ ಹಂತ ಬೇಕಿಲ್ಲ. ಆದರೆ ಉದ್ಯಾನ, ಬಯಲು ಜಾಗ ಎಂದು ಗುರುತಾಗಿದ್ದರೆ ಮುಂದೆ ಹೋಗಬೇಡಿ, ದುಡ್ಡು ಹಾಳು. ಎನ್‌ಎ ಕೈಗಾರಿಕೆಗೆ ಆಗಿರುವುದರಿಂದ ವಸತಿಗೆ ಜಿಲ್ಲಾಧಿಕಾರಿಯಿಂದ ಬೇರೆ ಆದೇಶ ಬೇಕು. ನಂತರ ಪ್ರಾಧಿಕಾರದಿಂದ ಏಕನಿವೇಶನ ವಿನ್ಯಾಸ (ಇಡೀ ಜಾಗ ಒಂದೇ ನಿವೇಶನವಾಗಿ) ಅನುಮೋದನೆ, ಕೊನೆಗೆ ನಗರಸಭೆಯ ಕಟ್ಟಡ ಪರವಾನಗಿ. ಒಟ್ಟು ಕಟ್ಟಡ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟುವುದಿಲ್ಲ, ಹಾಗಾಗಿ ಪರಿಸರ ಅನುಮತಿಯ ಗೋಜಿಲ್ಲ.

ಹೊಳಿದಂಡಿ
ಮ್ಯಾಲಿನವರು ಹೇಳಿದ್ದು ಖರೆ, ಆದ್ರ ಒಂದು ಬಿಟ್ಟಾರ. ನೀರಿನ ಮಟ್ಟ! 14-ಎ ಅರ್ಜಿ ಹಾಕೋದಕ್ಕಿಂತ ಮುಂಚೆ ಜಲಸಂಪನ್ಮೂಲ ಇಲಾಖೆಯಿಂದ ಗರಿಷ್ಠ ಪ್ರವಾಹ ಮಟ್ಟದ ಪತ್ರ ಲಿಖಿತದಾಗ ತಗೋರಿ. 2020ರ ಅಕ್ಟೋಬರ್‌ನಾಗ ಭೀಮಾ ಎಲ್ಲಿತನಕ ಏರಿತ್ತು ಅನ್ನೋದು ದಂಡಿ ಊರುಗಳ ಗೋಡಿ ಮ್ಯಾಲ ಗುರುತು ಬಿದ್ದದ. ಆ ಗುರುತಿಗೂ ಲೆವೆಲ್ ಹಿಡಸ್ರಿ. ಬ್ಯಾರೇಜಿನ ಹಿನ್ನೀರು ಎಲ್ಲಿಗೆ ನಿಲ್ತದ ಅಂತ ಅದೇ ಪತ್ರದಾಗ ಕೇಳ್ರಿ.

ತಪ್ಪು ಆಗೋದು ಇಲ್ಲೇ. ಸರ್ವೆಯವರು ಒಂದು ಕಲ್ಲಿಗೆ 100.00 ಅಂತ ಅಂದಾಜು ಹಾಕಿ ಲೆವೆಲ್ ತಗೀತಾರ, ಇಲಾಖೆ ಪತ್ರ ಸಮುದ್ರಮಟ್ಟದಿಂದ ಇರ್ತದ. ಎರಡೂ ಕೂಡೂದಿಲ್ಲ, ಫೈಲು ವಾಪಸ್ ಬರ್ತದ. ಖಾಯಂ ಬೆಂಚ್‌ಮಾರ್ಕಿನಿಂದ (ಸಮುದ್ರಮಟ್ಟದಿಂದ ಎತ್ತರ ಗೊತ್ತಿರೋ ಗುರುತು) ಲೆವೆಲ್ ತಂದು, ಅರ್ಧ ಮೀಟರಿಗೊಂದು ಎತ್ತರದ ಗೆರಿ ಇರೋ ಸಮೋನ್ನತಿ ನಕ್ಷೆ ಮಾಡಸ್ರಿ.

ಸಂಘದ ಕಾರ್ಯದರ್ಶಿ, ಯಾದಗಿರಿ
ಜಾಗ ತಗ್ಗಿದ್ದರೆ ಮಣ್ಣು ತುಂಬಿಸಿ ಎತ್ತರಿಸಿದರೆ ಆಗುವುದಿಲ್ಲವೇ?

ಹೊಳಿದಂಡಿ
ಬ್ಯಾಡ. ನೀವು ತುಂಬಿದಷ್ಟು ನೀರು ಪಕ್ಕದ ಓಣಿಗೆ ನುಗ್ತದ. ಆಕ್ಷೇಪಣೆ ಬರೋದೂ ಅಲ್ಲಿಂದಲೇ, ಅದು ನ್ಯಾಯವೂ ಹೌದು. ಹೊಸ ಭರ್ತಿ ವರ್ಷಾನುಗಟ್ಟಲೆ ಕುಸೀತದ, ಎರಿ (ಕಪ್ಪು) ಮಣ್ಣಾದ್ರ ಮಳಿಗಾಲಕ್ಕ ಉಬ್ಬಿ ಬ್ಯಾಸಗಿಗೆ ಬಿರಿತದ. ನೆಲಮಹಡಿ ಖಾಲಿ ಕಂಬದ ಮ್ಯಾಲ ಬಿಟ್ಟು ಸೈಕಲ್, ಬೈಕಿಗೆ ಇಡ್ರಿ, ಮನಿ ಅದರ ಮ್ಯಾಲಿಂದ ಸುರು ಮಾಡ್ರಿ. ಒಂದು ಅಂತಸ್ತು ಹೆಚ್ಚಾಗ್ತದ, ಎತ್ತರದ ನಿಯಮ ನೋಡ್ಕೊಳ್ರಿ. ರಸ್ತಾಕ್ಕಷ್ಟೇ ಗರಸು, 20 ಸೆಂಟಿಮೀಟರಿನ ಪದರ ಪದರ, ನೀರು ಹೊಡದು ರೋಲರ್.

ಬುನಾದಿಗೆ ಪ್ರತಿ ಬ್ಲಾಕಿಗೂ ಮಣ್ಣು ಪರೀಕ್ಷಾದ ಬೋರ್ ಹೊಡಸ್ರಿ. ಕೆಳಗ ಗ್ರಾನೈಟ್ ಅದ, ಆದ್ರ ಒಂದು ಮೂಲ್ಯಾಗ ಸಿಕ್ಕ ಆಳಕ್ಕೇ ಇನ್ನೊಂದು ಮೂಲ್ಯಾಗೂ ಸಿಗ್ತದ ಅಂತಿಲ್ಲ. ಎರಿ ಭೂಮಿ ಅಂತ 3.5 ಮೀಟರ್ ಅಂಡರ್‌ರೀಮ್ಡ್ ಪೈಲ್ (ಬುಡದಾಗ ಗುಂಡಗ ಅಗಲ ಮಾಡಿದ, ನೆಲದೊಳಗಿನ ಕಾಂಕ್ರೀಟ್ ಕಂಬ) ಬರದುಬಿಡ್ತಾರ. ದಂಡ್ಯಾಗ ಮರಳು, ನೀರು ಇದ್ದಲ್ಲಿ ಬುಡದ ಗುಂಡು ಕೊರೀವಾಗಲೇ ತೂತಿನ ಗೋಡಿ ಕುಸೀತದ. ಅಲ್ಲಿ ಕೆಳಗಿನ ಬಂಡಿಗಲ್ಲಿನ ತನಕ ಇಳಿಸಿದ ಸಾದಾ ಪೈಲೇ ಗತಿ.

ಜಲಗಣಿತ
120 ಮನೆ × 5 ಜನ × 135 ಲೀಟರ್ = ದಿನಕ್ಕೆ 81,000 ಲೀಟರ್ ನೀರು. ಅದರ 80 ಶೇಕಡಾ, ಅಂದರೆ ಸುಮಾರು 65,000 ಲೀಟರ್ ಕೊಳಚೆ. ಒಳಚರಂಡಿ ಜಾಲಕ್ಕೆ ಸೇರಿಸುತ್ತೀರೋ, ಸ್ವಂತ ಶುದ್ಧೀಕರಣ ಘಟಕವೋ ಅನ್ನುವುದು ವಿನ್ಯಾಸದಲ್ಲೇ ಕಾಣಬೇಕು. ಸಂಪಿನ ಬಾಯಿ, ಪಂಪು, ಟ್ರಾನ್ಸ್‌ಫಾರ್ಮರ್ ಕಟ್ಟೆ ಮೂರೂ ಪ್ರವಾಹ ಮಟ್ಟದ ಮೇಲೆ. ಕೊನೆಯ ಮ್ಯಾನ್‌ಹೋಲಿಗೆ ನಾನ್‌ರಿಟರ್ನ್ ವಾಲ್ವ್ (ಒಂದೇ ದಿಕ್ಕಿಗೆ ಹರಿಯಬಿಡುವ ಕವಾಟ) ಹಾಕದಿದ್ದರೆ ಹೊಳೆ ಏರಿದಾಗ ಕೊಳಚೆ ತಿರುಗಿ ಬರುತ್ತದೆ. ಹಳೆಯ ಸಿಮೆಂಟ್ ಶೀಟು ಆಸ್ಬೆಸ್ಟಾಸ್ ಇರುತ್ತದೆ. ಒಡೆಯಬೇಡಿ, ನೀರು ಚಿಮುಕಿಸಿ ಇಡಿಯಾಗಿ ಇಳಿಸಿ, ಸುತ್ತಿ ಬೇರೆ ಸಾಗಿಸಿ. ಮುರಿದು ಅಲ್ಲೇ ಭರ್ತಿಗೆ ಹಾಕಿದರೆ ಮಕ್ಕಳು ಆಡುವ ಮಣ್ಣಿನಲ್ಲೇ ಅದು ಉಳಿಯುತ್ತದೆ.

ನಕಾಶೆ
ಹಣದ ಮಾತು. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಕೇಂದ್ರದ ಪಾಲು ಮನೆಗೆ 1.5 ಲಕ್ಷ, ಶೇಕಡಾ 40, 40, 20ರ ಮೂರು ಕಂತಿನಲ್ಲಿ ಬರುತ್ತದೆ. ಕುಟುಂಬದ ವಾರ್ಷಿಕ ಆದಾಯ 3 ಲಕ್ಷದೊಳಗಿರಬೇಕು, ದೇಶದಲ್ಲೆಲ್ಲೂ ಪಕ್ಕಾ ಮನೆ ಇರಬಾರದು. ಫಲಾನುಭವಿ ಪಟ್ಟಿಯನ್ನು ನಗರಸಭೆಯ ಮೂಲಕ ಪರವಾನಗಿಯ ಜೊತೆಜೊತೆಗೇ ನಡೆಸಿ. ಪರವಾನಗಿ ಕೈಗೆ ಬಂದ ಮೇಲೆ ಶುರು ಮಾಡಿದರೆ ಕಂತು ತಡವಾಗಿ ಗುತ್ತಿಗೆದಾರ ಅರ್ಧಕ್ಕೆ ಕೈಬಿಡುತ್ತಾನೆ. 8 ಮನೆಗಿಂತ ಹೆಚ್ಚಿರುವುದರಿಂದ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆಗುವವರೆಗೆ ಯಾರಿಂದಲೂ ಮುಂಗಡ ಮುಟ್ಟಬೇಡಿ. ಪ್ರವಾಹ ಮಟ್ಟದ ಪತ್ರ ಕೈಸೇರಿದ ಮೇಲೆ ಆ ಅಂಕಿ ಇಲ್ಲಿ ಹಾಕಿ, ಕಂಬದ ಎತ್ತರ ಎಷ್ಟು ಬೇಕೆಂದು ನೋಡೋಣ.