ಒಬ್ಬರೇ ತಿನ್ನುವವರಿಗೆ ಬೆಂಗಳೂರಲ್ಲಿ ಎಲ್ಲಿ ಏನು? ನಿಮ್ಮ ಅನುಭವ ಹೇಳಿ

ಕೇಳಿದವರು: ದಾವಣಗೆರೆಯಿಂದ ಬಂದವ

ವರ್ಗವಾಗಿ ಬೆಂಗಳೂರಿಗೆ ಬಂದಿದ್ದೇನೆ. ತ್ಯಾಗರಾಜನಗರದಲ್ಲಿ ಒಂದು ರೂಮು. ಅಡುಗೆ ಅಷ್ಟಕ್ಕಷ್ಟೇ, ಮಾತು ಇನ್ನೂ ಕಡಿಮೆ. ಆಫೀಸಿನವರು ಕರೆದುಕೊಂಡು ಹೋಗುವ ಕಡೆಯೆಲ್ಲ ಹಾಡಿನ ಅಬ್ಬರ, ಹೊರಗೆ ಕ್ಯೂ ಬೇರೆ. ಒಬ್ಬನೇ ಹೋಗಿ, ಯಾರಿಗೂ ಉತ್ತರ ಕೊಡದೆ, ಹೊಟ್ಟೆ ತುಂಬ ತಿಂದು ಬರುವಂಥ ಜಾಗ ಇದ್ದರೆ ಹೇಳ್ರಿ. ರಜೆ ದಿನ ಹೊತ್ತು ಕಳೆಯೋಕೂ ಬೇಕು. ಇನ್ನೊಂದು ಮಾತು, ಇಲ್ಲಿ ಸಾಂಬಾರು ಯಾಕಿಷ್ಟು ಸಿಹಿ?

ಬಸವನಗುಡಿ ಕಡೆಯವ

ಮಾತಿನ ವಿಷಯದಲ್ಲಿ ನಾನೂ ನಿಮ್ಮ ಪಂಗಡ. ಹುಟ್ಟಿ ಬೆಳೆದದ್ದು ಇಲ್ಲೇ ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೀತೀನಿ, ಎದುರಿಗೆ ಸಿಕ್ಕಿದ್ದರೆ ಇಷ್ಟು ಹೇಳ್ತಿರಲಿಲ್ಲ.

ಒಂಟಿಯಾಗಿ ತಿನ್ನುವವರಿಗೆ ಈ ಊರು ಮಾಡಿದ ದೊಡ್ಡ ಉಪಕಾರ ದರ್ಶಿನಿ. 1980ರ ದಶಕದಲ್ಲಿ ಜಯನಗರದ ಕಡೆ ಶುರುವಾದ ಪದ್ಧತಿ, ಈಗ ಬೀದಿಗೊಂದಿದೆ. ಮುಂದೆ ದುಡ್ಡು ಕೊಟ್ಟು ಬಿಲ್ಲು ತಗೊಳ್ಳಿ, ಒಳಗಿನ ಕಟ್ಟೆ ಮೇಲೆ ಇಡಿ. ಅವನು ಬಿಲ್ಲಿನ ಅಂಚು ಹರಿದು ತಟ್ಟೆ ತಳ್ಳುತ್ತಾನೆ. ನಡುವೆ ಬರೋ ಪ್ರಶ್ನೆ ಒಂದೇ: “ಸಾಂಬಾರ್ ಡಿಪ್ಪಾ, ಸೆಪರೇಟಾ?” ಎಲ್ಲರೂ ನಿಂತೇ ತಿನ್ನೋದರಿಂದ ಯಾರು ಜೋಡಿ, ಯಾರು ಒಂಟಿ ಅಂತ ಗೊತ್ತೂ ಆಗಲ್ಲ. ಎಷ್ಟು ಜನ ಸಾರ್ ಅಂತ ಬಾಗಿಲಲ್ಲಿ ಯಾರೂ ಕೇಳಲ್ಲ. ಹೊಸಬರು ದರ್ಶಿನಿ ಅಂದರೆ ಅವಸರದವರ ಜಾಗ ಅಂತಾರೆ. ನನ್ನ ಪಾಲಿಗೆ ಅದು ಸಂಕೋಚದವರ ಜಾಗ.

ಆಮೇಲೆ, ಜಾಗದಷ್ಟೇ ಹೊತ್ತೂ ಮುಖ್ಯ. ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರದ್ದು. ಭಾನುವಾರ ಎಂಟರ ಮೇಲೆ ಹೋದರೆ ಹೆಸರು ಬರೆಸಿ ಫುಟ್‌ಪಾತಿನಲ್ಲಿ ನಿಲ್ಲಬೇಕು. ವಾರದ ದಿನ ಬಾಗಿಲು ತೆಗೆಯೋ ಹೊತ್ತಿಗೆ ಹೋಗಿ, ಆರಾಮಾಗಿ ಕೂರಬಹುದು. ದೋಸೆ ತಟ್ಟೆಗಳನ್ನ ಮೊಣಕೈ ದಾಟಿ ತೋಳಿನ ತನಕ ಒಂದರ ಮೇಲೊಂದು ಪೇರಿಸಿಕೊಂಡು ಬರ್ತಾರೆ, ಅದೂ ಟೇಬಲ್ಲುಗಳ ಸಂದಿಯಲ್ಲಿ. ಅದನ್ನ ನೋಡ್ತಾ ಕೂತರೆ ಮೊಬೈಲು ಬೇಕಾಗಲ್ಲ. ದೋಸೆ ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ. ಚಟ್ನಿ ನೀರಾಗಿರುತ್ತೆ, ದೋಸೆ ಮೇಲೇ ಸುರೀತಾರೆ. ದೋಸೆ ಜೊತೆ ಸಾಂಬಾರು ಬರಲ್ಲ, ಅಲ್ಲಿಗೆ ನಿಮ್ಮ ಅರ್ಧ ದೂರು ಬಗೆಹರೀತು. ಎದುರಿಗೆ ಅಪರಿಚಿತರು ಬಂದು ಕೂರ್ತಾರೆ. ಮಾತಾಡಿಸಬೇಕಂತಿಲ್ಲ, ಕಾಲು ಒಳಗೆ ಎಳೆದುಕೊಂಡರೆ ಸಾಕು.

ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರದ್ದು. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ ಬಿಟ್ಟರೆ ಹೆಚ್ಚಿಗೆ ಏನಿಲ್ಲ. ಏನು ತಗೊಳ್ಳಲಿ ಅಂತ ಯೋಚಿಸುವ ಕೆಲಸವೇ ಇಲ್ಲ. ಅಲ್ಲೂ ಚಟ್ನಿ ಮಾತ್ರ, ಸಾಂಬಾರು ಇಲ್ಲ.

ಸಿಹಿಯ ವಿಷಯ: ಹುಳಿಗೆ ಚೂರು ಬೆಲ್ಲ ಹಾಕೋದು ಹಳೇ ಮೈಸೂರಿನ ಮನೆಗಳಲ್ಲೂ ಉಂಟು. ಆದರೆ ಹೋಟೆಲಿನ ಸಾಂಬಾರಿಗೆ ಅಷ್ಟು ಬೆಲ್ಲ ಬಂದದ್ದು ಉಡುಪಿ ಕೈಯಿಂದ.

ಕುಂದಾಪ್ರದವಳು, ಈಗ ಮಲ್ಲೇಶ್ವರ

ಎಲ್ಲ ಉಡುಪಿಯವರ ತಲೆಗೆ ಕಟ್ಟಬೇಡಿ ಮಾರಾಯ್ರೆ. ಬೆಲ್ಲ ನಮ್ಮದು, ಒಪ್ಪಿದೆ. ಸಾಂಬಾರಿಗೆ ಆ ಚಕ್ಕೆಯ ಘಮ ಮಾತ್ರ ಬೆಂಗಳೂರಿನದ್ದೇ, ನಮ್ಮ ಮನೆಯಲ್ಲಿ ಹಾಕುದಿಲ್ಲ. ಬೆಲ್ಲಕ್ಕೆ ಚಕ್ಕೆ ಸೇರಿದ್ದಕ್ಕೇ ನಿಮಗೆ ಪಾಯಸದ ನೆನಪಾಗೋದು.

ಒಬ್ಬಳೇ ತಿನ್ನುವ ಹೆಂಗಸಾಗಿ ಒಂದು ಮಾತು. ತಿಂಡಿಗೆ ಈ ಊರಲ್ಲಿ ತೊಂದರೆಯೇ ಇಲ್ಲ. ಹದಿನೈದನೇ ಕ್ರಾಸಿನ ವೀಣಾ ಸ್ಟೋರ್ಸಿನಲ್ಲಿ ಇಡ್ಲಿ ತಗೊಂಡು ರಸ್ತೆ ಬದಿ ನಿಂತರೆ ಪಕ್ಕದಲ್ಲಿ ವಾಕಿಂಗ್ ಮುಗಿಸಿದ ಅಜ್ಜ, ಆಚೆ ಬದಿ ಕಾಲೇಜಿನ ಮಕ್ಕಳು. ಯಾರೂ ತಿರುಗಿ ನೋಡುದಿಲ್ಲ. ಸಿಟಿಆರ್‌ನಲ್ಲಿ ಬೆಣ್ಣೆ ಮಸಾಲೆ ತಿನ್ನಬೇಕಾದರೆ ಟೇಬಲ್ಲು ಹಂಚಿಕೊಳ್ಳಬೇಕು, “ಸ್ವಲ್ಪ ಅಡ್ಜಸ್ಟ್ ಮಾಡಿ” ಅಂದರೆ ಮುಗೀತು. ಕಷ್ಟ ಇರೋದು ರಾತ್ರಿ ಊಟಕ್ಕೆ. ಫ್ಯಾಮಿಲಿ ಕ್ಯಾಬಿನ್ ಕಡೆ ಕೈ ತೋರಿಸುವ ಹೋಟೆಲು ಈಗಲೂ ಉಂಟು. ಅಂಥ ಕಡೆ ನಾನು ಎರಡನೇ ಸಲ ಹೋಗುದಿಲ್ಲ.

ನೀವು ಹಸಿರು ಲೈನ್ ಮೆಟ್ರೊ ಹತ್ತಿ ಸಂಪಿಗೆ ರಸ್ತೆ ಸ್ಟೇಷನ್ನಿನಲ್ಲಿ ಇಳಿದು ನಡೆದು ಬನ್ನಿ. ಬಸ್ಸಿಗೆ ಕಾದರೆ ದೋಸೆ ಹೊತ್ತು ಹೋಗಿ ಊಟದ ಹೊತ್ತಾಗ್ತದೆ.

ಸಂಜೆಗೆ ಜೆ.ಪಿ. ನಗರದ ರಂಗಶಂಕರ. ಶಂಕರ್ ನಾಗ್ ನೆನಪಿಗೆ ಕಟ್ಟಿ 2004ರಲ್ಲಿ ತೆರೆದ ರಂಗಮಂದಿರ. ನಾಟಕ ಶುರುವಾದ ಮೇಲೆ ಯಾರೇ ಬಂದರೂ ಒಳಗೆ ಬಿಡುದಿಲ್ಲ, ಫೋನೂ ಬಂದ್. ಮಾತಾಡದೆ ಇರಲಿಕ್ಕೆ ಇದಕ್ಕಿಂತ ಬೇಕಾ? ಮೊದಲು ಅಲ್ಲಿನ ಕೆಫೆಯಲ್ಲಿ ಅಕ್ಕಿರೊಟ್ಟಿ ತಿಂದು ಒಳಗೆ ಹೋಗಿ.

ಕಾಟನ್‌ಪೇಟೆ

ಏನ್ ಗುರೂ, ಎಲ್ರೂ ಇಡ್ಲಿ ದೋಸೆನೇ ಹೇಳ್ತಾವ್ರೆ! ತಿನ್ನೋರಾದ್ರೆ ಒಂದ್ಸಲ ಮಿಲಿಟರಿ ಹೋಟ್ಲಿಗೆ ಹೋಗಿ. ಅಲ್ಲೂ ಮಾತಿಲ್ಲ, ಎಲ್ರ ಬಾಯಲ್ಲೂ ಮೂಳೆ. ದೊನ್ನೆ ಬಿರಿಯಾನಿ, ಇಲ್ದಿದ್ರೆ ಮುದ್ದೆ ಜೊತೆ ನಾಟಿ ಕೋಳಿ ಸಾರು. ರೊಟ್ಟಿ ಊರೋರು ನೀವು, ಅದಕ್ಕೇ ಹೇಳ್ತೀನಿ: ಮುದ್ದೆ ಅಗೀಬಾರ್ದು. ಸಣ್ಣಕ್ಕೆ ಮುರ್ಕೊಂಡು, ಸಾರಲ್ಲಿ ಹೊರಳ್ಸಿ, ನುಂಗ್ಬಿಡಿ. ಭಾನುವಾರ ಮಾತ್ರ ಬೇಡ, ಇಡೀ ಊರೇ ಅಲ್ಲಿರುತ್ತೆ. ವಾರದ ಮಧ್ಯೆ ಹನ್ನೆರಡೂವರೆ ಒಳಗೆ ಹೋದ್ರೆ ಒಳ್ಳೆ ಪೀಸ್ ಸಿಗುತ್ತೆ.

ಕೈ ಖಾಲಿ ಇರೋ ತಿಂಗಳ ಕೊನೇಲಿ ಇಂದಿರಾ ಕ್ಯಾಂಟೀನ್ ಇದೆ. 2017ರಲ್ಲಿ ಶುರು ಮಾಡ್ದಾಗ ತಿಂಡಿ 5 ರೂಪಾಯಿ, ಊಟ 10. ನಾಚ್ಕೋಬೇಡಿ, ಟೈ ಕಟ್ಟಿರೋರೂ ನಿಂತಿರ್ತಾರೆ.

ದಾವಣಗೆರೆಯಿಂದ ಬಂದವ

ಎಲ್ಲರಿಗೂ ಧನ್ಯವಾದ. ನಮ್ಮೂರ ಹೆಸರಿನ ಬೆಣ್ಣೆ ದೋಸೆ ಬೋರ್ಡು ಬೀದಿ ಬೀದಿಗೆ ಕಾಣ್ತಾವಲ್ಲ, ಅವು ಹೆಂಗೆ? ಮತ್ತೆ, ಮನೆಯಲ್ಲೇ ಏನಾದರೂ ಮಾಡಿಕೊಳ್ಳೋಣ ಅಂದರೆ ಸುಲಭದ್ದು ಏನೈತಿ?

ಬಸವನಗುಡಿ ಕಡೆಯವ

ಬೋರ್ಡು ನೋಡಿ ಹೋಗಬೇಡಿ. ಬಿಳಿ ಬೆಣ್ಣೆ ಬದಲು ಹಳದಿ ಬೆಣ್ಣೆ ಕರಗ್ತಿದ್ದರೆ ಹೊರಗಿನಿಂದಲೇ ವಾಪಸ್ ಬನ್ನಿ. ನಿಮ್ಮೂರ ದೋಸೆಗೆ ನೀವೇ ಪರೀಕ್ಷಕರು, ನಾನ್ಯಾರು ಹೇಳೋಕೆ.

ಮನೆಗೆ ಅಂದರೆ, ಕಾಂಡಿಮೆಂಟ್ಸ್ ಅಂತ ಬೋರ್ಡಿರೋ ಸಣ್ಣ ಅಂಗಡಿ ಹುಡುಕಿ. ಸಾರಿನ ಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಹುರಿಗಾಳು, ಕೋಡುಬಳೆ, ನಿಪ್ಪಟ್ಟು ಎಲ್ಲ ಸಿಗುತ್ತೆ. ಕುಕ್ಕರಿನಲ್ಲಿ ಅನ್ನ ಇಟ್ಟರೆ ಗೊಜ್ಜು ಕಲಸಿ ಊಟ ಆಗಿಹೋಗುತ್ತೆ. ಕಾಫಿಪುಡಿ ಮಾತ್ರ ಪ್ಯಾಕೆಟ್ಟಿನದು ಬೇಡ. ಪುಡಿ ಮಾಡಿಕೊಡೋ ಅಂಗಡಿಯಲ್ಲಿ ಚಿಕೋರಿ ಎಷ್ಟು ಬೇಕು ಅಂತ ಹೇಳಿ ವಾರಕ್ಕಾಗುವಷ್ಟೇ ತನ್ನಿ.

ಚಳಿಗಾಲಕ್ಕೆ ಕಾಯಿರಿ, ಅವರೆಕಾಯಿ ಬರುತ್ತೆ. ಡಿಸೆಂಬರ್ ಹೊತ್ತಿಗೆ ರಸ್ತೆ ಬದಿ ಗುಡ್ಡೆ ಹಾಕಿರ್ತಾರೆ, ಮಾಗಡಿ ಕಡೇದು ಅಂತ ಕೂಗ್ತಾರೆ. ಕೂಗಿದ್ದೆಲ್ಲ ಮಾಗಡಿಯದಾಗಿರಲ್ಲ. ಕೈಯಲ್ಲಿ ಒಂದು ಹಿಡಿ ಹಿಡಿದು ಮೂಸಿ, ಅಂಗೈ ಜಿಡ್ಡಾಗಬೇಕು, ಆ ಸೊಗಡು ಮೂಗಿಗೆ ಹೊಡೀಬೇಕು. ತಂದು ಬಿಡಿಸಿ, ಕಾಳನ್ನ ರಾತ್ರಿ ನೀರಲ್ಲಿ ಹಾಕಿ. ಬೆಳಿಗ್ಗೆ ಒಂದೊಂದೇ ಕಾಳು ಎರಡು ಬೆರಳಲ್ಲಿ ಒತ್ತಿದರೆ ಸಿಪ್ಪೆ ಬೆರಳಲ್ಲೇ ಉಳಿದು ಬೇಳೆ ಪಾತ್ರೆಗೆ ಚಿಮ್ಮುತ್ತೆ. ಹಿತಕಿದ ಬೇಳೆ ಅಂದರೆ ಅದೇ. ಮನೆತುಂಬ ಜನ ಇದ್ದಾಗ ಕೂತು ಹರಟುತ್ತ ಮಾಡೋ ಕೆಲಸ ಅಂತಾರೆ. ರೇಡಿಯೋ ಹಾಕ್ಕೊಂಡು ಒಬ್ಬನೇ ಮಾಡಿದರೂ ಅಷ್ಟೇ ಚೆನ್ನ. ಪುರುಸೊತ್ತಿಲ್ಲ ಅಂದರೆ ಹಿತಕಿದ್ದನ್ನೇ ತೂಕಕ್ಕೆ ಮಾರ್ತಾರೆ, ಬೆಲೆ ಕೇಳಿದರೆ ನೀವೇ ಹಿತಕೋಕೆ ಕೂರ್ತೀರ.

ರಜೆ ದಿನಕ್ಕೆ ಲಾಲ್‌ಬಾಗ್. ಹೈದರಾಲಿ ಕಾಲದ ತೋಟ. ಗಾಜಿನ ಮನೆ ಕಡೆ ಗುಂಪು ಜಾಸ್ತಿ, ನೀವು ಕೆಂಪೇಗೌಡರ ಗೋಪುರ ಇರೋ ಬಂಡೆ ಹತ್ತಿ. ಸುಮಾರು 300 ಕೋಟಿ ವರ್ಷದ ಕಲ್ಲು, ಅದೂ ಮಾತಾಡಲ್ಲ. ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ, ಅಂದರೆ ಆಗಸ್ಟ್ 15 ಮತ್ತು ಜನವರಿ 26ರ ಆಸುಪಾಸು, ಆ ಕಡೆ ತಲೆ ಹಾಕಬೇಡಿ. ಇಳಿದು ನಡೆದರೆ ಎಂಟಿಆರ್, 1924ರದ್ದು. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಾಗ ರವೆ ಇಡ್ಲಿ ಹುಟ್ಟಿದ್ದು ತಮ್ಮಲ್ಲೇ ಅಂತ ಅವರು ಹೇಳ್ತಾರೆ. ಸೋಮವಾರ ಬಾಗಿಲು ಹಾಕಿರುತ್ತೆ.

ಕುಂದಾಪ್ರದವಳು, ಈಗ ಮಲ್ಲೇಶ್ವರ

ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಗ್ರಂಥಾಲಯ ಬಿಟ್ಟಿರಲ್ಲ! ಬೆಳಿಗ್ಗೆ ಪೇಪರ್ ಓದುವ ಹಿರಿಯರ ಜೊತೆ ಒಂದು ಕುರ್ಚಿ ಹಿಡಿದರೆ ಮಧ್ಯಾಹ್ನ ಆದದ್ದು ಗೊತ್ತಾಗುದಿಲ್ಲ. ಏಪ್ರಿಲ್ ಹೊತ್ತಿಗೆ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಸಂಗೀತವೂ ಉಂಟು, 1939ರಿಂದ ನಡೆದುಬಂದದ್ದು.

ದಾವಣಗೆರೆಯಿಂದ ಬಂದವ

ಎಲ್ಲ ಬರೆದಿಟ್ಟುಕೊಂಡೆ. ಶುಕ್ರವಾರ ರಜೆ ಹಾಕೀನಿ, ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೇ ವಿದ್ಯಾರ್ಥಿ ಭವನ.

ಬಸವನಗುಡಿ ಕಡೆಯವ

ಶುಕ್ರವಾರ ಅವರಿಗೂ ರಜೆ. ಶಂಕರಪುರಕ್ಕೆ ಹೋಗಿ.