ಲಿಲ್ಲಿ ಪರಾಗನಳಿಕೆ ಚಿಪ್‌ನ ಕಿಂಡಿಯಲ್ಲಿ ನಿಂತುಬಿಡುತ್ತದೆ: ಬಲ ಸಾಲದೋ, ಬೇರೇನಾದರೂ ಇದೆಯೋ?

ಪರಾಗ_ಪ್ರಯೋಗ:
ಪರಾಗನಳಿಕೆ (ಪರಾಗಕಣದಿಂದ ಬೆಳೆಯುವ ಸಣ್ಣ ಕೊಳವೆ) ಎಷ್ಟು ಬಲದಿಂದ ನುಗ್ಗುತ್ತದೆ ಎಂದು ಪಿಡಿಎಂಎಸ್ (ಪಾರದರ್ಶಕ ಸಿಲಿಕೋನ್ ರಬ್ಬರ್) ಚಿಪ್‌ನಲ್ಲಿ ಅಳೆಯಬೇಕಿದೆ. ಎಸ್‌ಯು-8 (ಬೆಳಕಿಗೆ ಗಟ್ಟಿಯಾಗುವ ರಾಳ) ಅಚ್ಚು, ಎಲ್ಲ ಕಡೆ 80 ಮೈಕ್ರಾನ್ ಎತ್ತರ. ಮುಖ್ಯ ಚಾನೆಲ್ 200 ಮೈಕ್ರಾನ್ ಅಗಲ, ಕವಲುಗಳಲ್ಲಿ 14 ಮೈಕ್ರಾನ್ ಕಿಂಡಿ. ಪಿಡಿಎಂಎಸ್ ಸಿಲ್ಗಾರ್ಡ್ 184, ಗಟ್ಟಿಕಾರಕದೊಂದಿಗೆ 10:1. ಮೀಡಿಯಂ (ಪರಾಗ ಬೆಳೆಸುವ ದ್ರಾವಣ) ಬ್ರೂಬೇಕರ್-ಕ್ವಾಕ್, 10% ಸುಕ್ರೋಸ್. ಪಂಪ್ ನಿಮಿಷಕ್ಕೆ 2 ಮೈಕ್ರೋಲೀಟರ್. ಸ್ಲೈಡ್ ಮೇಲೆ ಚೆನ್ನಾಗಿಯೇ ಬೆಳೆಯುತ್ತವೆ. ಚಿಪ್‌ನಲ್ಲಿ ಮಾತ್ರ ಪರಾಗವೆಲ್ಲ ಇನ್ಲೆಟ್ ಬಾಯಲ್ಲೇ ಕಟ್ಟಿಕೊಳ್ಳುತ್ತದೆ, ಒಂದಷ್ಟು ಒಡೆಯುತ್ತವೆ. ಕಿಂಡಿವರೆಗೆ ಬಂದ ನಳಿಕೆಗಳಲ್ಲಿ ಕೆಲವು ನಿಲ್ಲುತ್ತವೆ, ಕೆಲವು ಫೋಕಸ್ ತಪ್ಪಿ ಮಾಯವಾಗುತ್ತವೆ. ನಿಂತ ಜಾಗದಲ್ಲಿ ಟರ್ಗರ್ ಒತ್ತಡವನ್ನು (ಕೋಶದೊಳಗಿನ ನೀರಿನ ಒತ್ತಡ) ಕಿಂಡಿಯ ವಿಸ್ತೀರ್ಣದಿಂದ ಗುಣಿಸಿ ಬಲ ಅನ್ನಬಹುದಾ?

ಅಚ್ಚುಗಾರ:
ಮೊದಲು ಎತ್ತರ ಸರಿಮಾಡಿ. ಲಿಲ್ಲಿ ಪರಾಗಕಣವೇ ಸುಮಾರು 100 ಮೈಕ್ರಾನ್ ಉದ್ದ. 80ರ ಚಾನೆಲ್‌ನಲ್ಲಿ ಕಟ್ಟಿಕೊಳ್ಳದೆ ಇನ್ನೇನು? ನಳಿಕೆ 16ರಿಂದ 20 ಮೈಕ್ರಾನ್ ದಪ್ಪ. 14 ಅಗಲ, 80 ಎತ್ತರದ ಕಿಂಡಿಯಲ್ಲಿ ಅದಕ್ಕೆ ಮೇಲೆ ಕೆಳಗೆ ಬೇಕಾದಷ್ಟು ಜಾಗವಿದೆ. ಚಪ್ಪಟೆಯಾಗಿ ಜಾರಿಕೊಂಡು ಹೋಗುತ್ತದೆ, ಇಲ್ಲವೇ ಮೇಲಕ್ಕೆ ತಿರುಗುತ್ತದೆ. ನಿಮ್ಮ ಫೋಕಸ್ ತಪ್ಪುವುದು ಅಲ್ಲೇ.

ಎರಡು ಪದರದ ಅಚ್ಚು ಮಾಡಿ: ಕವಲು, ಕಿಂಡಿ 20 ಮೈಕ್ರಾನ್, ಮುಖ್ಯ ಚಾನೆಲ್ 150. ತೆಳು ಪದರವನ್ನು ಮೊದಲು ಎಕ್ಸ್‌ಪೋಸ್ ಮಾಡಿ ಬೇಕ್ ಮಾಡಿ, ಅದರ ಮೇಲೆ ದಪ್ಪ ಪದರ ಹಾಕಿ ಗುರುತಿಗೆ ಹೊಂದಿಸಿ, ಕೊನೆಗೆ ಎರಡನ್ನೂ ಒಟ್ಟಿಗೆ ಡೆವಲಪ್ ಮಾಡಿ. ಕಣ ಕವಲಿಗೆ ನುಗ್ಗಲಾರದು, ನಳಿಕೆ ಮಾತ್ರ ಹೋಗುತ್ತದೆ, ಫೋಕಸ್ಸೂ ನಿಲ್ಲುತ್ತದೆ. ಇನ್ಲೆಟ್ ತೂತನ್ನು ಚಾನೆಲ್ ಇರುವ ಬದಿಯಿಂದ ಪಂಚ್ ಮಾಡಿ, ಚೂರುಗಳನ್ನು ಟೇಪ್ ಒತ್ತಿ ತೆಗೆಯಿರಿ. ಅಲ್ಲಿ ಒಂದು ಎಳೆ ಉಳಿದರೂ ಪರಾಗ ಅದಕ್ಕೇ ಸಿಕ್ಕಿಕೊಳ್ಳುತ್ತದೆ.

ಹಸಿರುಕೋಶ:
ಒಡೆಯುವುದಕ್ಕೆ ಬೇರೆ ಕಾರಣವಿದೆ. ಒಣ ಪರಾಗ ಸೀದಾ ಮೀಡಿಯಂಗೆ ಬಿದ್ದರೆ ಪೊರೆ ಸುಧಾರಿಸಿಕೊಳ್ಳುವ ಮೊದಲೇ ನೀರು ನುಗ್ಗುತ್ತದೆ. ಮುಚ್ಚಿದ ಪೆಟ್ರಿ ಡಿಶ್‌ನಲ್ಲಿ ಒದ್ದೆ ಟಿಶ್ಯೂ ಪಕ್ಕ ಅರ್ಧ ಗಂಟೆ ಇಟ್ಟು ಆಮೇಲೆ ಬಳಸಿ. ಟಿಶ್ಯೂ ಪರಾಗಕ್ಕೆ ತಾಗಬಾರದು.

ಲಿಲ್ಲಿಗೆ ನಾನು ಬ್ರೂಬೇಕರ್-ಕ್ವಾಕ್ ಬಳಸುವುದಿಲ್ಲ. ಅದರಲ್ಲಿ ಕ್ಯಾಲ್ಸಿಯಂ ಸುಮಾರು 1.3 ಮಿಲಿಮೋಲಾರ್, ಜಾಸ್ತಿಯಾದರೆ ತುದಿಯ ಕೋಶಭಿತ್ತಿಯ ಪೆಕ್ಟಿನ್ ಗಟ್ಟಿಯಾಗಿ ಬೆಳವಣಿಗೆ ನಿಧಾನವಾಗುತ್ತದೆ. ಬದಲಿಗೆ: ಸುಕ್ರೋಸ್ 7%, ಬೋರಿಕ್ ಆಸಿಡ್ 1.6, ಪೊಟ್ಯಾಸಿಯಂ ಕ್ಲೋರೈಡ್ 1, ಕ್ಯಾಲ್ಸಿಯಂ ಕ್ಲೋರೈಡ್ 0.1, ಎಂಇಎಸ್ ಬಫರ್ 15 ಮಿಲಿಮೋಲಾರ್, ಪಿಎಚ್ 5.5. ಬೋರಿಕ್ ಆಸಿಡ್ ಮರೆತರೆ ನಳಿಕೆಗಳು ಒಡೆಯುತ್ತವೆ.

ನಿಮಿಷಕ್ಕೆ 2 ಮೈಕ್ರೋಲೀಟರ್ ಕಡಿಮೆ ಅನ್ನಿಸುತ್ತದೆ, ಅಲ್ಲವಾ? 200 × 150 ಚಾನೆಲ್‌ನಲ್ಲೂ ಸರಾಸರಿ ವೇಗ ಸೆಕೆಂಡಿಗೆ 1 ಮಿಲಿಮೀಟರ್ ದಾಟುತ್ತದೆ. ಪರಾಗ ತುಂಬುವಾಗ ಅಷ್ಟಿರಲಿ, ನಳಿಕೆ ಹೊರಟಮೇಲೆ 0.2ಕ್ಕೆ ಇಳಿಸಿ. ಚಿಪ್ಪನ್ನು ಹಿಂದಿನ ರಾತ್ರಿಯಿಂದ ನೀರಲ್ಲಿ ಮುಳುಗಿಸಿಡಿ: ಪಿಡಿಎಂಎಸ್ ನೀರಾವಿಯನ್ನು ಬಿಟ್ಟುಕೊಡುತ್ತದೆ, ಒಣ ಚಿಪ್‌ನಲ್ಲಿ ನೀರು ಕಡಿಮೆಯಾಗಿ ಸಕ್ಕರೆ ಏರುತ್ತದೆ. ಫ್ರಿಜ್‌ನಿಂದ ತೆಗೆದ ಮೀಡಿಯಂ ಹಾಗೇ ಹಾಕಬೇಡಿ, ಬೆಚ್ಚಗಾದಂತೆ ಗುಳ್ಳೆ ಬಿಡುತ್ತದೆ.

ಭಿತ್ತಿಬಲ:
ಕೊನೆಯ ಪ್ರಶ್ನೆಗೆ: ಅನ್ನಬಾರದು. ಲಿಲ್ಲಿ ನಳಿಕೆಯ ಟರ್ಗರ್, ಕೋಶಕ್ಕೆ ಚುಚ್ಚಿ ಒತ್ತಡ ಅಳೆಯುವ ಪ್ರೆಷರ್ ಪ್ರೋಬ್‌ನಲ್ಲಿ 0.1ರಿಂದ 0.4 ಮೆಗಾಪಾಸ್ಕಲ್ ಸಿಕ್ಕಿದೆ. 0.2 ಇಟ್ಟುಕೊಂಡು 100 ಚದರ ಮೈಕ್ರಾನ್ ತಾಗುವ ಜಾಗಕ್ಕೆ ಲೆಕ್ಕ ಹಾಕಿದರೆ 20 ಮೈಕ್ರೋನ್ಯೂಟನ್. ಅದು ಗರಿಷ್ಠ ಮಿತಿ ಅಷ್ಟೇ. ಒತ್ತಡದ ಒಂದು ಪಾಲನ್ನು ಕೋಶಭಿತ್ತಿಯ ಬಿಗಿತವೇ ಹೊರುತ್ತದೆ, ಉಳಿದದ್ದಷ್ಟೇ ಕಿಂಡಿಯ ಗೋಡೆಗೆ ಬೀಳುತ್ತದೆ. ನಿಂತ ನಳಿಕೆಯಿಂದ ಬಲ ತಿಳಿಯುವುದೇ ಇಲ್ಲ. ಸರಿದ ಗೋಡೆಯಿಂದ ತಿಳಿಯುತ್ತದೆ.

ಹಾಗಾಗಿ ಕಿಂಡಿಯ ಗೋಡೆ ತೆಳುವಾಗಿರಬೇಕು, ಚಿಪ್ ಅಂಟಿಸಿದ ಗಾಜಿನ ಕಡೆಯ ಅದರ ಅಂಚು ಗಾಜಿಗೆ ಅಂಟಿರಬಾರದು. ಅಂಟಿದ್ದರೆ ಬಾಗುವುದೇ ಇಲ್ಲ. ದಪ್ಪವನ್ನು ಡ್ರಾಯಿಂಗ್‌ನಿಂದ ತೆಗೆದುಕೊಳ್ಳಬೇಡಿ, ಎರಕ ಹೊಯ್ದ ತುಂಡನ್ನೇ ಕತ್ತರಿಸಿ ಅಳೆಯಿರಿ: ಬಿಗಿತ ದಪ್ಪದ ಘನಕ್ಕೆ ಹೋಗುವುದರಿಂದ 10% ತಪ್ಪಿದರೆ ಬಲದಲ್ಲಿ 33% ತಪ್ಪುತ್ತದೆ. 10:1 ಪಿಡಿಎಂಎಸ್‌ನ ಯಂಗ್ ಮಾಡ್ಯುಲಸ್ (ವಸ್ತುವಿನ ಬಿಗಿತದ ಅಳತೆ) ಕ್ಯೂರಿಂಗ್ ಬಿಸಿಯನ್ನು ಅವಲಂಬಿಸಿ 1.3ರಿಂದ 3 ಮೆಗಾಪಾಸ್ಕಲ್‌ವರೆಗೆ ಬದಲಾಗುತ್ತದೆ. ಅದೇ ಬ್ಯಾಚ್‌ನಿಂದ, ಅದೇ ಓವನ್‌ನಲ್ಲಿ 10 ಮಿಲಿಮೀಟರ್ ಅಗಲ, 2 ದಪ್ಪ, 50 ಉದ್ದದ ಪಟ್ಟಿ ಮಾಡಿ 100 ಗ್ರಾಂ ತೂಗುಹಾಕಿ. ಸುಮಾರು 1.2 ಮಿಲಿಮೀಟರ್ ಹಿಗ್ಗಿದರೆ ಮಾಡ್ಯುಲಸ್ 2 ಮೆಗಾಪಾಸ್ಕಲ್.

ಪರಾಗ_ಪ್ರಯೋಗ:
ಎರಡು ಪದರಕ್ಕೆ ಹೊಸ ಮಾಸ್ಕ್ (ಅಚ್ಚಿನ ನಮೂನೆಯ ಫಲಕ) ಬರೆಸುತ್ತೇನೆ. ಟರ್ಗರ್ ಇಳಿಸಿ ನೋಡಬೇಕೆಂದರೆ ಸುಕ್ರೋಸ್ ಎಷ್ಟು ಏರಿಸಲಿ?

ಭಿತ್ತಿಬಲ:
20 ಮಿಲಿಮೋಲಾರ್ ಏರಿಸಿದರೆ 25 ಡಿಗ್ರಿಯಲ್ಲಿ ಸುಮಾರು 0.05 ಮೆಗಾಪಾಸ್ಕಲ್ ವ್ಯತ್ಯಾಸ. 50 ಏರಿಸಿದರೆ 0.12, ಅಂದರೆ ಮೇಲೆ ಇಟ್ಟುಕೊಂಡ 0.2 ಟರ್ಗರ್‌ನ ಅರ್ಧಕ್ಕಿಂತ ಹೆಚ್ಚು, ನಳಿಕೆ ನಿಂತುಹೋಗಬಹುದು. 10, 20 ಅಂತ ಹೋಗಿ. ಬದಲಾದ ತಕ್ಷಣದ ಫೋಟೋ ಮುಖ್ಯ, ನಳಿಕೆ ಕೆಲವೇ ನಿಮಿಷದಲ್ಲಿ ಒಳಗಿನ ದ್ರಾವಣ ಹೊಂದಿಸಿಕೊಳ್ಳಲು ಶುರುಮಾಡಬಹುದು. ಮೀಡಿಯಂ ಬದಲಾದ ಸಮಯವನ್ನು ಪಂಪ್ ನೋಡಿ ಗುರುತಿಸಬೇಡಿ. ಹೊಸ ಮೀಡಿಯಂಗೆ ಚೂರು ಹೊಳೆಯುವ ಬಣ್ಣ ಫ್ಲೋರೆಸಿನ್ ಡೆಕ್ಸ್‌ಟ್ರಾನ್ ಬೆರೆಸಿ, ಬೆಳಕು ತುದಿಗೆ ಮುಟ್ಟಿದ ಫ್ರೇಮ್‌ನಿಂದ ಎಣಿಸಿ.